ಹಲವು ಭಾವಚಿತ್ರಗಳನ್ನು ಒಂದೇ ಅಳತೆಗೆ ಕತ್ತರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸಿಬ್ಬಂದಿಯ ಪರಿಚಯ ಪುಟ, ಶಾಲೆಯ ವಾರ್ಷಿಕ ಸಂಚಿಕೆ, ಸದಸ್ಯರ ಗುರುತಿನ ಚೀಟಿ, ಹೀಗೆ ಕೆಲಸ ಯಾವುದೇ ಇರಲಿ, ಕೈಗೆ ಬರುವ ಭಾವಚಿತ್ರಗಳು ಒಂದರಂತೆ ಒಂದು ಇರುವುದಿಲ್ಲ. ಒಬ್ಬರು ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರ ಕಳಿಸಿರುತ್ತಾರೆ. ಇನ್ನೊಬ್ಬರು ಯಾವುದೋ ಗುಂಪುಚಿತ್ರದಿಂದ ತಮ್ಮ ಮುಖವನ್ನಷ್ಟೇ ಹೆಕ್ಕಿ ಕಳಿಸಿರುತ್ತಾರೆ. ಮತ್ತೊಬ್ಬರದು ಕೈ ಚಾಚಿ ತೆಗೆದುಕೊಂಡ ಸೆಲ್ಫಿ. ಇವನ್ನೆಲ್ಲ ಒಂದೇ ಅಳತೆಗೆ ತರುವುದೆಂದರೆ ಎಲ್ಲವನ್ನೂ, ಉದಾಹರಣೆಗೆ, 600 × 800 ಪಿಕ್ಸೆಲ್‌ಗೆ ಕತ್ತರಿಸುವುದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಕೆಲಸದ ಸುಲಭವಾದ ಅರ್ಧ ಮಾತ್ರ. ಚೌಕಟ್ಟು ಒಂದೇ ಆಗಿದ್ದು ಒಳಗಿನ ಮುಖ ಒಂದು ಕಡೆ ಕುಂಬಳದಷ್ಟು, ಪಕ್ಕದಲ್ಲಿ ನಿಂಬೆಯಷ್ಟು ಇದ್ದರೆ ನೋಡುವವರಿಗೆ ಅವು ಒಂದೇ ಅಳತೆಯ ಚಿತ್ರಗಳೆಂದು ಅನ್ನಿಸುವುದೇ ಇಲ್ಲ. ಸಮನಾಗಬೇಕಾದದ್ದು ಮುಖದ ಗಾತ್ರ ಮತ್ತು ಕಣ್ಣು ನಿಲ್ಲುವ ಎತ್ತರ.

ಇದನ್ನು ನಾನು ಕಲಿತದ್ದು ಕೆಲಸ ಕೆಡಿಸಿಕೊಂಡೇ. ಒಂದು ನೆನಪಿನ ಸಂಚಿಕೆಗಾಗಿ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಒಂದೇ ಆಜ್ಞೆಯಲ್ಲಿ ನಡುಭಾಗಕ್ಕೆ ಸರಿಯಾಗಿ ಕತ್ತರಿಸಿ, ನಿಮಿಷದೊಳಗೆ ಮುಗಿಯಿತೆಂದು ಹಿಗ್ಗಿ, ತೆರೆದೂ ನೋಡದೆ ಪುಟವಿನ್ಯಾಸಕ್ಕೆ ಕಳಿಸಿಬಿಟ್ಟಿದ್ದೆ. ಕರಡು ಪ್ರತಿ ಬಂದಾಗ ಎರಡನೆಯ ಸಾಲಿನಲ್ಲಿದ್ದ ಒಬ್ಬರಿಗೆ ಹಣೆಯೇ ಇರಲಿಲ್ಲ. ಅವರ ಅಂಗಿಯ ಗುಂಡಿ ಮಾತ್ರ ಚೌಕಟ್ಟಿನ ನಟ್ಟನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ಭಾವಚಿತ್ರದಲ್ಲಿ ಮುಖವಿರುವುದು ನಡುವಿನಲ್ಲಲ್ಲ, ನಡುವಿಗಿಂತ ಮೇಲೆ. ಗಣಕಯಂತ್ರಕ್ಕೆ ಅದನ್ನು ನಾವೇ ಹೇಳಬೇಕು.

ಕತ್ತರಿ ಹಿಡಿಯುವ ಮುನ್ನ

ಮೂಲ ಚಿತ್ರಗಳನ್ನು ಒಂದು ಫೋಲ್ಡರಿನಲ್ಲಿಟ್ಟು, ಅದರ ಪ್ರತಿಯ ಮೇಲೆಯೇ ಕೆಲಸ ಮಾಡಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತಾದರೂ ಇಲ್ಲಿ ವಿಶೇಷ ಕಾರಣವಿದೆ: ಗುಂಪಿನಲ್ಲಿ ಚಿತ್ರ ತಿದ್ದುವ ಕೆಲವು ಸಾಧನಗಳು, ಉದಾಹರಣೆಗೆ ಆಜ್ಞೆ ಬರೆದು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ಮಾಗ್ರಿಫೈ ಆಜ್ಞೆ, ಬೇರೆ ಜಾಗ ತೋರಿಸದಿದ್ದರೆ ಹೊಸ ಚಿತ್ರವನ್ನು ಹಳೆಯದರ ಮೇಲೆಯೇ ಬರೆದುಬಿಡುತ್ತವೆ, ಕೇಳುವುದೂ ಇಲ್ಲ.

ಆಮೇಲೆ ಹೆಸರು. ಪಟ್ಟಿಯಲ್ಲಿರುವ ಕ್ರಮಸಂಖ್ಯೆಯನ್ನೇ ಫೈಲಿನ ಹೆಸರಿನ ಮೊದಲಿಗೆ 001, 002 ಎಂದು ಮೂರು ಅಂಕಿಗಳಲ್ಲಿ ಕೊಡುವುದು ಒಳ್ಳೆಯದು. ಸೊನ್ನೆ ಬಿಟ್ಟು ಬರೆದರೆ ಹಲವು ತಂತ್ರಾಂಶಗಳು 1ರ ನಂತರ 10ನ್ನೂ 100ನ್ನೂ ಜೋಡಿಸುತ್ತವೆ, ಕೊನೆಗೆ ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಮುಖ ಅಚ್ಚಾಗುತ್ತದೆ.

ಮೂರನೆಯದು ದಿಕ್ಕು. ಫೋನನ್ನು ನಿಲ್ಲಿಸಿ ತೆಗೆದ ಚಿತ್ರ ಹಲವು ಬಾರಿ ಒಳಗೆ ಅಡ್ಡಲಾಗಿಯೇ ಉಳಿದಿರುತ್ತದೆ. "ತೋರಿಸುವಾಗ ಇಷ್ಟು ತಿರುಗಿಸು" ಎಂಬ ಸೂಚನೆ ಮಾತ್ರ ಎಕ್ಸಿಫ್ ಮಾಹಿತಿಯಲ್ಲಿ, ಅಂದರೆ ಕ್ಯಾಮೆರಾ ಚಿತ್ರದ ಕಡತದೊಳಗೇ ಬರೆದಿಡುವ ವಿವರಗಳಲ್ಲಿ, ಇರುತ್ತದೆ. ಚಿತ್ರ ತೋರಿಸುವ ತಂತ್ರಾಂಶ ಆ ಸೂಚನೆಯನ್ನು ಪಾಲಿಸುತ್ತದೆ, ಕತ್ತರಿಸುವ ತಂತ್ರಾಂಶ ಪಾಲಿಸದೆ ಇರಬಹುದು. ಆದ್ದರಿಂದ ಎಲ್ಲಕ್ಕಿಂತ ಮೊದಲು ಎಲ್ಲ ಚಿತ್ರಗಳನ್ನೂ ನಿಜವಾಗಿ ತಿರುಗಿಸಿಡಬೇಕು. ಇರ್ಫಾನ್‌ವ್ಯೂ, ಎಕ್ಸ್ಎನ್‌ಕನ್ವರ್ಟ್, ಇಮೇಜ್‌ಮ್ಯಾಜಿಕ್ ಮೂರರಲ್ಲೂ ಎಕ್ಸಿಫ್‌ನಂತೆ ತಾನಾಗಿ ತಿರುಗಿಸುವ ಆಯ್ಕೆಯಿದೆ. ಐಫೋನಿನಿಂದ ಬಂದ ಹೆಚ್‌ಇಐಸಿ ಕಡತಗಳನ್ನು ಜೆಪೆಗ್‌ಗೆ ಬದಲಿಸುವ ಕೆಲಸವನ್ನೂ ಈ ಹಂತದಲ್ಲಿಯೇ ಮುಗಿಸಬಹುದು.

ಚಿತ್ರಗಳು ಇನ್ನೂ ಬರಬೇಕಾಗಿದ್ದರೆ ಕಳಿಸುವವರಿಗೆ ಒಂದು ಮಾತು ಹೇಳಿಟ್ಟಿರಿ: ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ತಲುಪುತ್ತದೆ. ಈ ಒಂದು ಸೂಚನೆ ಮುಂದಿನ ಅರ್ಧ ತಲೆನೋವನ್ನು ಕಡಿಮೆ ಮಾಡುತ್ತದೆ.

ಅಳತೆಯನ್ನು ಗೊತ್ತುಮಾಡುವುದು

ಅಳತೆಯಲ್ಲಿ ಎರಡು ಸಂಗತಿಗಳಿವೆ: ಅಗಲ ಮತ್ತು ಎತ್ತರದ ಅನುಪಾತ, ಹಾಗೂ ಪಿಕ್ಸೆಲ್‌ಗಳ ಸಂಖ್ಯೆ. ಡಿಎಸ್‌ಎಲ್‌ಆರ್ ಕ್ಯಾಮೆರಾಗಳು ಸಾಮಾನ್ಯವಾಗಿ 3:2 ಅನುಪಾತದಲ್ಲಿ, ಫೋನುಗಳು 4:3 ಅನುಪಾತದಲ್ಲಿ ಚಿತ್ರ ತೆಗೆಯುತ್ತವೆ. ನಿಲುವಾದ ಭಾವಚಿತ್ರಕ್ಕೆ 3:4 ಅಥವಾ 4:5 ಹೊಂದುತ್ತದೆ. ಜಾಲತಾಣದಲ್ಲಿ ಚಿತ್ರ ವೃತ್ತಾಕಾರವಾಗಿ ಕಾಣುವುದಿದ್ದರೆ ಚೌಕವಾಗಿ ಕತ್ತರಿಸಬೇಕು. ಆಗ ಚೌಕದ ವಿಸ್ತೀರ್ಣದಲ್ಲಿ ಶೇಕಡಾ 21ಕ್ಕೂ ಹೆಚ್ಚು ಭಾಗ ಮೂಲೆಗಳಲ್ಲಿಯೇ ಹೋಗುತ್ತದೆ ಎಂಬುದನ್ನು ನೆನಪಿಟ್ಟು, ಮುಖದ ಸುತ್ತ ಜಾಗವನ್ನು ಧಾರಾಳವಾಗಿ ಬಿಡಬೇಕು.

ಮುದ್ರಣಕ್ಕಾದರೆ ಲೆಕ್ಕ ಸರಳ. ಮಿಲಿಮೀಟರಿನ ಅಳತೆಯನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿದರೆ, ಇಂಚಿಗೆ 300 ಚುಕ್ಕೆಗಳ ಮುದ್ರಣಕ್ಕೆ ಬೇಕಾದ ಪಿಕ್ಸೆಲ್‌ಗಳು ಸಿಗುತ್ತವೆ. 35 × 45 ಮಿಲಿಮೀಟರಿನ ಚಿತ್ರಕ್ಕೆ 413 × 531 ಪಿಕ್ಸೆಲ್ ಸಾಕು. ಈ ಜೋಡಿ ಕರಾರುವಾಕ್ಕಾಗಿ 7:9 ಅನುಪಾತದಲ್ಲಿದೆ, ಏಕೆಂದರೆ 59ರ ಏಳರಷ್ಟು 413, ಒಂಬತ್ತರಷ್ಟು 531. ಅನುಪಾತಕ್ಕೆ ಸರಿಯಾಗಿ ಭಾಗವಾಗುವ ಸಂಖ್ಯೆಗಳನ್ನು ಆರಿಸಿಕೊಂಡರೆ ನೂರು ಚಿತ್ರಗಳಲ್ಲಿ ಎರಡು ಮಾತ್ರ ಒಂದು ಪಿಕ್ಸೆಲ್ ಕಡಿಮೆಯಾಗಿ ಹೊರಬರುವ ಕಿರಿಕಿರಿ ತಪ್ಪುತ್ತದೆ.

ಎಷ್ಟು ಪಿಕ್ಸೆಲ್ ಎಂಬುದನ್ನು ತೀರ್ಮಾನಿಸಬೇಕಾದದ್ದು ಅತ್ಯುತ್ತಮ ಚಿತ್ರವನ್ನು ನೋಡಿ ಅಲ್ಲ, ಅತಿ ಚಿಕ್ಕ ಚಿತ್ರವನ್ನು ನೋಡಿ. ಫೋಲ್ಡರಿನಲ್ಲಿ ಮುಖ ತೀರ ಸಣ್ಣದಾಗಿರುವ ನಾಲ್ಕೈದು ಚಿತ್ರಗಳನ್ನು ತೆರೆದು, ಕಣ್ಣಿನಿಂದ ಗಲ್ಲದ (ಗದ್ದದ) ತುದಿಯವರೆಗೆ ಎಷ್ಟು ಪಿಕ್ಸೆಲ್‌ಗಳಿವೆ ಎಂದು ಅಳೆಯಿರಿ. ಸಿದ್ಧ ಚಿತ್ರದಲ್ಲಿ ಆ ಅಂತರ 250 ಆಗಬೇಕಿದ್ದು, ಮೂಲದಲ್ಲಿ 125 ಮಾತ್ರ ಇದ್ದರೆ, ಚಿತ್ರವನ್ನು ಇಮ್ಮಡಿ ಹಿಗ್ಗಿಸಬೇಕಾಗುತ್ತದೆ. ಪಕ್ಕದ ಚೂಪಾದ ಚಿತ್ರದೆದುರು ಅದು ಮಸುಕಾಗಿ ಎದ್ದು ಕಾಣುತ್ತದೆ. ಅಂಥವು ಒಂದೆರಡೇ ಆಗಿದ್ದರೆ ಬೇರೆ ಚಿತ್ರ ಕೇಳಿ ತರಿಸುವುದು ಲೇಸು, ಹತ್ತಾರು ಇದ್ದರೆ ಎಲ್ಲರ ಅಳತೆಯನ್ನೂ ಇಳಿಸುವುದು ಲೇಸು.

ಎರಡು ಗೆರೆಗಳು

ಈಗ ಕೆಲಸದ ತಿರುಳು. ಮುಖಗಳನ್ನು ಸಮ ಮಾಡಲು ತಲೆಯ ಎತ್ತರವನ್ನು, ಅಂದರೆ ನೆತ್ತಿಯಿಂದ ಗಲ್ಲದವರೆಗಿನ ಅಳತೆಯನ್ನು ಹಿಡಿಯುವುದು ರೂಢಿ. ಪ್ರಯಾಣ ದಾಖಲೆಗಳ ಚಿತ್ರಗಳಲ್ಲಿ ಹಾಗೆಯೇ ಮಾಡುತ್ತಾರೆ. ಆದರೆ ವಿವಿಧ ಜನರ ಚಿತ್ರಗಳನ್ನು ಸಾಲಾಗಿ ಜೋಡಿಸುವಾಗ ಈ ಅಳತೆ ಕೈಕೊಡುತ್ತದೆ. ಒಬ್ಬರಿಗೆ ಎತ್ತರದ ಕೂದಲು, ಒಬ್ಬರಿಗೆ ಪೇಟ, ಒಬ್ಬರು ಬೋಳುತಲೆಯವರು. ನೆತ್ತಿಯನ್ನು ಸಮ ಮಾಡಲು ಹೋದರೆ ಪೇಟ ಧರಿಸಿದವರ ಮುಖ ಕುಗ್ಗುತ್ತದೆ, ಬೋಳುತಲೆಯವರದು ಉಬ್ಬುತ್ತದೆ.

ಕೂದಲಿಗೆ ಸಂಬಂಧವಿಲ್ಲದ ಎರಡು ಗುರುತುಗಳನ್ನು ಹಿಡಿಯುವುದು ನನ್ನ ಕ್ರಮ: ಕಣ್ಣಿನ ಗೆರೆ ಮತ್ತು ಗಲ್ಲದ ಗೆರೆ. 600 × 800 ಪಿಕ್ಸೆಲ್‌ನ ಚೌಕಟ್ಟಿನಲ್ಲಿ ಕಣ್ಣಿನ ಗೆರೆಯನ್ನು ಮೇಲಿನಿಂದ 320ನೆಯ ಪಿಕ್ಸೆಲ್‌ನಲ್ಲಿ, ಗಲ್ಲದ ಗೆರೆಯನ್ನು 570ರಲ್ಲಿ ಎಳೆಯುತ್ತೇನೆ. ವಯಸ್ಕರಲ್ಲಿ ಕಣ್ಣು ತಲೆಯ ಎತ್ತರದ ಸುಮಾರು ಅರ್ಧಕ್ಕೆ ಬರುವುದರಿಂದ, ಕಣ್ಣಿನಿಂದ ಗಲ್ಲಕ್ಕೆ 250 ಪಿಕ್ಸೆಲ್ ಇದ್ದರೆ ನೆತ್ತಿಗೂ ಅಷ್ಟೇ ಬೇಕಾಗುತ್ತದೆ. ಮೇಲೆ ಸುಮಾರು 70 ಪಿಕ್ಸೆಲ್ ಉಳಿಯುತ್ತದೆ, ಅದು ಕೂದಲಿಗೂ ಉಸಿರಾಡುವ ಜಾಗಕ್ಕೂ ಸಾಲುತ್ತದೆ. ಗಲ್ಲದ ಕೆಳಗಿನ 230 ಪಿಕ್ಸೆಲ್‌ಗಳಲ್ಲಿ ಕುತ್ತಿಗೆಯೂ ಹೆಗಲೂ ಬರುತ್ತವೆ. ಚೌಕಟ್ಟಿನ ಅಳತೆ ಬೇರೆಯಾದರೆ ಇದೇ ಪ್ರಮಾಣವನ್ನು, ಅಂದರೆ ಎತ್ತರದ ಶೇಕಡಾ 40 ಮತ್ತು 71ನ್ನು, ಬಳಸಿಕೊಳ್ಳಬಹುದು. ಚಿಕ್ಕ ಮಕ್ಕಳ ಕಣ್ಣುಗಳು ತಲೆಯಲ್ಲಿ ಇನ್ನೂ ಕೆಳಗಿರುತ್ತವೆ; ಮಕ್ಕಳ ಚಿತ್ರಗಳಿಗೆ ಎರಡೂ ಗೆರೆಗಳನ್ನು ತುಸು ಇಳಿಸಿ, ಅಂತರವನ್ನೂ ತುಸು ತಗ್ಗಿಸಬೇಕು.

ಎರಡು ಕಣ್ಣುಗಳ ನಡುವಿನ ಅಂತರವನ್ನೇ ಏಕೆ ಅಳತೆಗೋಲು ಮಾಡಬಾರದು ಎಂದು ಕೇಳಬಹುದು. ನೇರವಾಗಿ ನೋಡುವ ಮುಖಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಮುಖ ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಮಾತ್ರ ಕಣ್ಣುಗಳ ಅಂತರ ಚಿತ್ರದಲ್ಲಿ ಕುಗ್ಗುತ್ತದೆ, ಅದನ್ನು ಸರಿದೂಗಿಸಲು ಹೋಗಿ ಇಡೀ ಮುಖ ದೊಡ್ಡದಾಗಿಬಿಡುತ್ತದೆ.

ರಾಶಿಗಳಾಗಿ ವಿಂಗಡಿಸಿ

ಎಲ್ಲ ಚಿತ್ರಗಳಿಗೂ ಒಂದೇ ವಿಧಾನ ಬೇಕಿಲ್ಲ. ಒಂದೇ ಜಾಗದಲ್ಲಿ, ಟ್ರೈಪಾಡಿನ ಮೇಲೆ, ಒಂದೇ ಕುರ್ಚಿಯಲ್ಲಿ ಕೂರಿಸಿ ತೆಗೆದ ಚಿತ್ರಗಳನ್ನು ಒಂದು ರಾಶಿ ಮಾಡಿ. ಬಿಡಿಬಿಡಿಯಾಗಿ ಬಂದವನ್ನು ಇನ್ನೊಂದು ರಾಶಿ ಮಾಡಿ. ತಲೆ ಚೌಕಟ್ಟಿಗೆ ತಾಗಿರುವ, ಪಕ್ಕದವರ ಹೆಗಲು ನುಗ್ಗಿರುವ, ಮುಖ ತೀರ ಓರೆಯಾಗಿರುವ ಚಿತ್ರಗಳು ಮೂರನೆಯ ರಾಶಿಗೆ ಹೋಗಲಿ.

ಮೊದಲ ರಾಶಿಗೆ ಗುಂಪಿನ ವಿಧಾನ ಸಾಕು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಚಿತ್ರವನ್ನು ತೆರೆದು, ಆರ್ ಕೀಲಿ ಒತ್ತಿ, ಅನುಪಾತವನ್ನು ಬೀಗ ಹಾಕಿ ಕತ್ತರಿಸಿದ ನಂತರ, ಉಳಿದ ಚಿತ್ರಗಳನ್ನೂ ಆಯ್ಕೆ ಮಾಡಿ ಸಿಂಕ್ ಗುಂಡಿಯನ್ನು ಒತ್ತಿದರೆ, ಬರುವ ಪಟ್ಟಿಯಲ್ಲಿ ಕ್ರಾಪ್ ಒಂದನ್ನೇ ಗುರುತುಹಾಕಿ ಅದೇ ಕತ್ತರಿಕೆಯನ್ನು ಎಲ್ಲಕ್ಕೂ ಹರಡಬಹುದು. ಉಚಿತ ಸಾಧನ ಬೇಕಾದವರಿಗೆ ಇರ್ಫಾನ್‌ವ್ಯೂ ಇದೆ: ಬಿ ಕೀಲಿ ಒತ್ತಿದರೆ ಬ್ಯಾಚ್ ಕಿಟಕಿ ತೆರೆಯುತ್ತದೆ, ಅದರ ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ಎಡಗಡೆಯಿಂದ ಎಷ್ಟು, ಮೇಲಿನಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಎಂಬ ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ ಇಡೀ ರಾಶಿ ಅದೇ ಜಾಗದಲ್ಲಿ ಕತ್ತರಿಸಲ್ಪಡುತ್ತದೆ. ಇಮೇಜ್‌ಮ್ಯಾಜಿಕ್ ಬಳಸುವವರು ಅಳತೆಯ ಮುಂದಿನ ಎರಡು ಚಿಹ್ನೆಗಳ ವ್ಯತ್ಯಾಸವನ್ನು ಮರೆಯಬಾರದು: ^ ಹಾಕಿದರೆ ಚಿತ್ರ ಅನುಪಾತ ಕೆಡದೆ ಚೌಕಟ್ಟನ್ನು ತುಂಬುತ್ತದೆ, ಹೆಚ್ಚಾದದ್ದನ್ನು ಆಮೇಲೆ ಕತ್ತರಿಸಬೇಕು; ! ಹಾಕಿದರೆ ಚಿತ್ರವನ್ನು ಎಳೆದು ಹಿಂಜಿ ಆ ಅಳತೆಗೆ ಕೂರಿಸುತ್ತದೆ, ಮುಖ ತೆಳ್ಳಗೋ ದಪ್ಪಗೋ ಆಗುತ್ತದೆ. ಕತ್ತರಿಸುವಾಗ ಗ್ರಾವಿಟಿ ಎಂಬ ಆಯ್ಕೆಗೆ ನಡುವಿನ ಬದಲು ಉತ್ತರ ದಿಕ್ಕನ್ನು ಕೊಟ್ಟರೆ ಮೇಲ್ಭಾಗ ಉಳಿದು ಕೆಳಭಾಗ ಹೋಗುತ್ತದೆ. ನಾನು ಮೊದಲು ಹೇಳಿದ ಅಂಗಿಗುಂಡಿಯ ಅನಾಹುತವನ್ನು ಈ ಒಂದು ಪದ ಬಹುಮಟ್ಟಿಗೆ ತಪ್ಪಿಸುತ್ತಿತ್ತು.

ಕುಳಿತವರ ಎತ್ತರ ಬೇರೆಬೇರೆಯಾದ್ದರಿಂದ ಇಲ್ಲಿಯೂ ಕಣ್ಣುಗಳು ಮೇಲೆ ಕೆಳಗೆ ಆಗಿರುತ್ತವೆ. ಆದರೆ ಕ್ಯಾಮೆರಾದ ದೂರ ಒಂದೇ ಆಗಿರುವುದರಿಂದ ಮುಖದ ಗಾತ್ರವನ್ನು ಮುಟ್ಟಬೇಕಾಗಿಲ್ಲ. ಪ್ರತಿ ಚಿತ್ರವನ್ನೂ ಮೇಲೆ ಕೆಳಗೆ ಸರಿಸಿದರೆ ಸಾಕು.

ಬಿಡಿ ಚಿತ್ರಗಳು: ಕೈಯಿಂದ ಮಾಡುವ ಕ್ರಮ

ಎರಡನೆಯ ರಾಶಿಗೆ ಕತ್ತರಿಸುವ ಸಾಧನಕ್ಕಿಂತ ಅಚ್ಚಿನ ವಿಧಾನ, ಅಂದರೆ ಗೆರೆ ಹಾಕಿಟ್ಟ ಒಂದೇ ಹಾಳೆಗೆ ಪ್ರತಿ ಚಿತ್ರವನ್ನೂ ಕೂರಿಸುವ ವಿಧಾನ, ಮೇಲು. ಫೋಟೋಶಾಪ್‌ನಲ್ಲಿ 600 × 800 ಪಿಕ್ಸೆಲ್‌ನ ಖಾಲಿ ಹಾಳೆಯೊಂದನ್ನು ತೆರೆದು, 320 ಮತ್ತು 570ರಲ್ಲಿ ಅಡ್ಡ ಗೈಡ್‌ಗಳನ್ನೂ (ಪರದೆಯಲ್ಲಿ ಮಾತ್ರ ಕಾಣುವ ಗುರುತುಗೆರೆಗಳು) ನಡುವೆ 300ರಲ್ಲಿ ಒಂದು ಉದ್ದ ಗೈಡನ್ನೂ ಹಾಕಿಕೊಳ್ಳಿ. ಫೋಲ್ಡರಿನಿಂದ ಇಪ್ಪತ್ತು ಮೂವತ್ತು ಚಿತ್ರಗಳನ್ನು ಒಟ್ಟಿಗೆ ಎಳೆದು ಆ ಹಾಳೆಯ ಮೇಲೆ ಬಿಟ್ಟರೆ ಪ್ರತಿಯೊಂದೂ ತನ್ನ ಕಡತದ ಹೆಸರಿನಲ್ಲಿಯೇ ಒಂದು ಪದರವಾಗಿ ಬಂದು ಕೂರುತ್ತದೆ. ಅದು ಸ್ಮಾರ್ಟ್ ಆಬ್ಜೆಕ್ಟ್, ಅಂದರೆ ಮೂಲ ಚಿತ್ರವನ್ನು ಒಳಗೆ ಹಾಗೆಯೇ ಉಳಿಸಿಕೊಂಡ ಪದರ, ಆಗಿರುವುದರಿಂದ ಎಷ್ಟು ಸಲ ಹಿಗ್ಗಿಸಿ ಕುಗ್ಗಿಸಿದರೂ ಮೂಲದ ಗುಣಮಟ್ಟ ಕೆಡುವುದಿಲ್ಲ.

ಒಂದು ಪದರವನ್ನು ಹಿಡಿದು ಮಾಡುವ ಕೆಲಸ ಹೀಗಿರುತ್ತದೆ. ಕಂಟ್ರೋಲ್ ಮತ್ತು ಟಿ ಒತ್ತಿ. ಮೊದಲು ಚಿತ್ರವನ್ನು ಸರಿಸಿ ಎರಡು ಕಣ್ಣುಗಳ ನಡುಬಿಂದುವನ್ನು ಗೈಡ್‌ಗಳು ಕೂಡುವ ಜಾಗಕ್ಕೆ ತನ್ನಿ. ತಿರುಗುವ ಕೇಂದ್ರಬಿಂದುವನ್ನು ಎಳೆದು ಅದೇ ಜಾಗದಲ್ಲಿಡಿ. ತಲೆ ವಾಲಿದ್ದರೆ ಎರಡೂ ಪಾಪೆಗಳು ಗೆರೆಯ ಮೇಲೆ ಬರುವಷ್ಟು ತಿರುಗಿಸಿ. ಕೊನೆಯಲ್ಲಿ ಆಲ್ಟ್ ಹಿಡಿದು ಮೂಲೆಯನ್ನು ಎಳೆದರೆ ಕಣ್ಣು ಕದಲದೆ ಮುಖ ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಗಲ್ಲದ ತುದಿ ಕೆಳಗಿನ ಗೆರೆಗೆ ತಾಗಿದೊಡನೆ ಎಂಟರ್ ಒತ್ತಿ. ಕೈ ಪಳಗಿದ ಮೇಲೆ ಒಂದು ಚಿತ್ರಕ್ಕೆ ನನಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಎಕ್ಸ್‌ಪೋರ್ಟ್ ಮೆನುವಿನಲ್ಲಿ ಪದರಗಳನ್ನು ಕಡತಗಳಾಗಿ ಉಳಿಸುವ ಆಯ್ಕೆಯನ್ನು ಬಳಸಿದರೆ ಪ್ರತಿ ಪದರವೂ ಪ್ರತ್ಯೇಕ ಚಿತ್ರವಾಗುತ್ತದೆ. ಹೆಸರಿನ ಮುಂದೆ ಸೇರಿಕೊಳ್ಳುವ ಹೆಚ್ಚಿನ ಅಂಕಿಗಳನ್ನು ಒಟ್ಟಿಗೆ ಅಳಿಸಬೇಕಾಗುತ್ತದೆ. ಜಿಂಪ್‌ನಲ್ಲಿಯೂ ಇದೇ ಕ್ರಮ ನಡೆಯುತ್ತದೆ: ಚಿತ್ರಗಳನ್ನು ಪದರಗಳಾಗಿ ತೆರೆದು, ಯೂನಿಫೈಡ್ ಟ್ರಾನ್ಸ್‌ಫಾರ್ಮ್ ಸಾಧನದಿಂದ ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು ಮೂರನ್ನೂ ಒಟ್ಟಿಗೆ ಮಾಡಬಹುದು.

ಗೈಡ್ ಎಳೆಯಲು ಅವಕಾಶವಿಲ್ಲದ ಸಣ್ಣ ತಂತ್ರಾಂಶಗಳಲ್ಲಿ, ಕತ್ತರಿಸುವ ಚೌಕಟ್ಟು ಒಂದೇ ಜಾಗದಲ್ಲಿ ನಿಂತು ಚಿತ್ರ ಒಳಗೆ ಸರಿಯುವಂತಿದ್ದರೆ, ಪರದೆಯ ಮೇಲೆ ತೆಳುವಾದ ಎರಡು ಅಂಟುಪಟ್ಟಿಗಳನ್ನು ಅಂಟಿಸಿಕೊಂಡರೂ ಆಗುತ್ತದೆ. ನೋಡಲು ಪೆದ್ದುತನವೆನಿಸಿದರೂ ಕೆಲಸಕ್ಕೆ ಬರುವ ಉಪಾಯವಿದು.

ಮುಖವನ್ನು ಯಂತ್ರವೇ ಗುರುತಿಸಲಿ

ಚಿತ್ರಗಳು ಐನೂರು ಸಾವಿರ ದಾಟಿದರೆ, ಅಥವಾ ಇದೇ ಕೆಲಸ ಪ್ರತಿ ವರ್ಷ ಬರುವುದಾದರೆ, ಮುಖ ಗುರುತಿಸುವ ಪ್ರೋಗ್ರಾಂ ಬರೆಸಿಕೊಳ್ಳುವುದು ಲಾಭದಾಯಕ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬಲ್ಲವರಿಗೆ ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಸಾಧನ ಸಂಗ್ರಹ ಪರಿಚಿತ. ಅದರಲ್ಲಿರುವ ಹಾರ್ ಕ್ಯಾಸ್ಕೇಡ್ ವಿಧಾನ 2001ರಲ್ಲಿ ವಯೋಲಾ ಮತ್ತು ಜೋನ್ಸ್ ಪ್ರಕಟಿಸಿದ್ದು. ವೇಗವಾದದ್ದು ನಿಜ, ಆದರೆ ಅದು ಮುಖದ ಸುತ್ತ ಒಂದು ಚೌಕವನ್ನಷ್ಟೇ ಕೊಡುತ್ತದೆ. ಆ ಚೌಕ ಒಬ್ಬರಲ್ಲಿ ಹಣೆಯಿಂದ, ಇನ್ನೊಬ್ಬರಲ್ಲಿ ಹುಬ್ಬಿನಿಂದ ಶುರುವಾಗುವುದರಿಂದ ಕಣ್ಣಿನ ಗೆರೆ ನಿಲ್ಲುವುದಿಲ್ಲ. ನಮಗೆ ಬೇಕಾದದ್ದು ಕಣ್ಣು, ಗಲ್ಲಗಳ ನಿಖರವಾದ ಬಿಂದುಗಳು. ಡಿಲಿಬ್ ಎಂಬ ಇನ್ನೊಂದು ಸಾಧನ ಸಂಗ್ರಹದಲ್ಲಿರುವ, ಮುಖದ 68 ಬಿಂದುಗಳ ಮಾದರಿಯಲ್ಲಿ, ಸೊನ್ನೆಯಿಂದ ಎಣಿಸಿದರೆ, 36ರಿಂದ 41 ಒಂದು ಕಣ್ಣಿನವು, 42ರಿಂದ 47 ಇನ್ನೊಂದರವು, 8ನೆಯದು ಗಲ್ಲದ ತುದಿ. ಆರಾರು ಬಿಂದುಗಳ ಸರಾಸರಿಯಿಂದ ಕಣ್ಣಿನ ನಡುವನ್ನು ಪಡೆದು, ಎರಡು ನಡುಗಳನ್ನು ಸೇರಿಸುವ ಗೆರೆಯ ಓರೆಯಷ್ಟು ಚಿತ್ರವನ್ನು ತಿರುಗಿಸಿ, ಕಣ್ಣಿನಿಂದ ಗಲ್ಲದ ದೂರ 250 ಆಗುವಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ, ನಡುಬಿಂದುವನ್ನು 300, 320ರ ಸ್ಥಾನಕ್ಕೆ ಸರಿಸಬೇಕು. ಈ ಮೂರನ್ನೂ ಒಂದೇ ರೂಪಾಂತರವಾಗಿ ಸೇರಿಸಿ ಒಮ್ಮೆ ಮಾತ್ರ ಅನ್ವಯಿಸುವುದು ಮುಖ್ಯ; ಒಂದೊಂದಾಗಿ ಮಾಡಿದರೆ ಪ್ರತಿ ಸಲವೂ ಚಿತ್ರ ಸ್ವಲ್ಪ ಮಸುಕಾಗುತ್ತದೆ.

ಹಿನ್ನೆಲೆಯ ಪೋಸ್ಟರಿನಲ್ಲಿರುವ ಮುಖವನ್ನೋ ಅಂಗಿಯ ಮೇಲಿನ ಚಿತ್ರವನ್ನೋ ಯಂತ್ರ ಹಿಡಿದುಕೊಳ್ಳುವುದುಂಟು. ಹಲವು ಮುಖ ಸಿಕ್ಕರೆ ಅತಿ ದೊಡ್ಡದನ್ನು ಆರಿಸು, ಒಂದೂ ಸಿಗದಿದ್ದರೆ ಕಡತವನ್ನು ಬೇರೆ ಫೋಲ್ಡರಿಗೆ ಹಾಕು ಎಂದು ಬರೆದಿಟ್ಟರೆ, ಉಳಿದ ಬೆರಳೆಣಿಕೆಯವನ್ನು ಕೈಯಿಂದ ಮುಗಿಸಬಹುದು.

ಹಟಮಾರಿ ಚಿತ್ರಗಳು

ಮೂರನೆಯ ರಾಶಿಯಲ್ಲಿ ನೆತ್ತಿಯ ಮೇಲೆ ಜಾಗವೇ ಇಲ್ಲದಿರುವುದು ಅತಿ ಸಾಮಾನ್ಯ ತೊಡಕು. ಹಿನ್ನೆಲೆ ಒಂದೇ ಬಣ್ಣದ್ದಾದರೆ ಮೇಲಂಚಿನ ಕೆಲವು ಪಿಕ್ಸೆಲ್‌ಗಳ ತೆಳು ಪಟ್ಟಿಯನ್ನು ಆಯ್ಕೆ ಮಾಡಿ ಮೇಲಕ್ಕೆ ಎಳೆದರೆ ಹಿನ್ನೆಲೆ ಬೆಳೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕೂದಲೇ ಕತ್ತರಿಸಿಹೋಗಿದ್ದರೆ ಅದನ್ನು ಹೊಸದಾಗಿ ಸೃಷ್ಟಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಅಂಥ ಚಿತ್ರಗಳು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲರ ಚೌಕಟ್ಟನ್ನೂ ಬಿಗಿ ಮಾಡಿ, ಎಲ್ಲರ ನೆತ್ತಿಯೂ ತುಸು ಕತ್ತರಿಸುವಂತೆ ಗೆರೆಗಳನ್ನು ಬದಲಿಸುತ್ತೇನೆ; ಒಬ್ಬರದು ಮಾತ್ರ ಕತ್ತರಿಸಿದರೆ ತಪ್ಪಿನಂತೆ ಕಾಣುವುದು, ಎಲ್ಲರದೂ ಕತ್ತರಿಸಿದರೆ ವಿನ್ಯಾಸದಂತೆ ಕಾಣುತ್ತದೆ.

ದಟ್ಟ ಗಡ್ಡವಿದ್ದವರಲ್ಲಿ ಗಲ್ಲದ ತುದಿ ಸಿಗುವುದಿಲ್ಲ. ತುಟಿಗಳ ನಡುವಿನ ಗೆರೆಯನ್ನು ಗುರುತಾಗಿಟ್ಟು ಪಕ್ಕದ ಚಿತ್ರದೊಡನೆ ಹೋಲಿಸಬೇಕು. ಬಾಯ್ತೆರೆದು ನಗುತ್ತಿರುವವರ ಗಲ್ಲ ಕೆಳಗಿಳಿದಿರುತ್ತದೆ, ಗೆರೆಗೆ ಕೂರಿಸಿದರೆ ಮುಖ ಕುಗ್ಗುತ್ತದೆ. ಗಲ್ಲ ಗೆರೆಯನ್ನು ಸ್ವಲ್ಪ ದಾಟಲು ಬಿಡಿ. ಪಕ್ಕಕ್ಕೆ ಹೊರಳಿದ ಮುಖವನ್ನು ಕಣ್ಣುಗಳ ನಡುವಿನಿಂದಲ್ಲ, ತಲೆಯ ಒಟ್ಟು ಆಕಾರದಿಂದ ನಡುವಿಗೆ ತರಬೇಕು. ಎಲ್ಲರೂ ಒಂದೇ ದಿಕ್ಕಿಗೆ ನೋಡಲಿ ಎಂದು ಚಿತ್ರವನ್ನು ಕನ್ನಡಿಯಂತೆ ತಿರುವಿಹಾಕಬೇಡಿ; ಬೈತಲೆ, ಮಚ್ಚೆ, ಅಂಗಿಯ ಮೇಲಿನ ಅಕ್ಷರಗಳು ಅದಲುಬದಲಾಗಿ, ಚಿತ್ರದಲ್ಲಿರುವವರೇ ಮೊದಲು ಕಂಡುಹಿಡಿಯುತ್ತಾರೆ. ತೀರ ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದಿರುತ್ತದೆ. ಅದನ್ನು ಕತ್ತರಿಕೆಯಿಂದ ಸರಿಪಡಿಸಲಾಗದು.

ಉಳಿಸುವುದು ಮತ್ತು ಪರೀಕ್ಷಿಸುವುದು

ಪರದೆಗಾಗಿ ಉಳಿಸುವಾಗ ಬಣ್ಣದ ವ್ಯವಸ್ಥೆ ಎಸ್‌ಆರ್‌ಜಿಬಿ ಇರಲಿ, ಜೆಪೆಗ್ ಗುಣಮಟ್ಟ 85ರಿಂದ 90ರ ನಡುವೆ ಇರಲಿ. ಚೂಪುಗೊಳಿಸುವ ಕೆಲಸವನ್ನು ಅಳತೆಗೆ ಇಳಿಸಿದ ನಂತರವೇ ಮಾಡಬೇಕು. ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಎಂಬುದು ಕಡತಕ್ಕೆ ಅಂಟಿಸಿದ ಚೀಟಿ ಮಾತ್ರ. 72 ಎಂದಿದ್ದರೂ 300 ಎಂದಿದ್ದರೂ ಪಿಕ್ಸೆಲ್‌ಗಳು ಅಷ್ಟೇ. ಫೋನಿನ ಚಿತ್ರಗಳಲ್ಲಿ ತೆಗೆದ ಜಾಗದ ಮಾಹಿತಿಯೂ ಅಡಗಿರಬಹುದಾದ್ದರಿಂದ ಜಾಲತಾಣಕ್ಕೆ ಹಾಕುವ ಪ್ರತಿಗಳಿಂದ ಎಕ್ಸಿಫ್ ಮಾಹಿತಿಯನ್ನು ತೆಗೆದುಹಾಕುವುದು ವಿವೇಕ.

ಪರೀಕ್ಷೆ ಮೂರು ಬಗೆ. ಫೋಲ್ಡರಿನ ವಿವರಗಳ ನೋಟದಲ್ಲಿ ಅಳತೆಯ ಅಂಕಣವನ್ನು ಸೇರಿಸಿ ಅದರ ಮೇಲೆ ಒತ್ತಿದರೆ ಬೇರೆ ಅಳತೆಯ ಕಡತಗಳು ಪಟ್ಟಿಯ ಮೊದಲಿಗೋ ಕೊನೆಗೋ ಬಂದು ನಿಲ್ಲುತ್ತವೆ. ಆಮೇಲೆ ಎಲ್ಲ ಚಿತ್ರಗಳನ್ನೂ ಸಣ್ಣದಾಗಿ ಒಂದೇ ಪುಟದಲ್ಲಿ ಜೋಡಿಸಿ, ಪರದೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು. ಹತ್ತಿರದಲ್ಲಿ ಕಾಣದ ಏರುಪೇರು ದೂರದಿಂದ ಕಾಣುತ್ತದೆ. ಮೂರನೆಯದೇ ನನಗೆ ಹೆಚ್ಚು ನಂಬಿಕೆಯದು: ಒಂದು ಚಿತ್ರವನ್ನು ಪೂರ್ಣ ಪರದೆಯಲ್ಲಿ ತೆರೆದು ಬಾಣದ ಕೀಲಿಯನ್ನು ಬೇಗಬೇಗನೆ ಒತ್ತುತ್ತಾ ಹೋಗಿ. ಮುಖಗಳು ಬದಲಾಗುತ್ತಾ ಹೋದರೂ ಕಣ್ಣುಗಳು ಒಂದೇ ಜಾಗದಲ್ಲಿ ನಿಂತಿರಬೇಕು. ಎಲ್ಲಿ ತಲೆ ಕುಪ್ಪಳಿಸಿದಂತೆ ಕಾಣುತ್ತದೆಯೋ ಆ ಕಡತದ ಸಂಖ್ಯೆಯನ್ನು ಬರೆದುಕೊಳ್ಳಿ. ಇನ್ನೂರು ಚಿತ್ರಗಳನ್ನು ಹೀಗೆ ನೋಡಲು ನಾಲ್ಕೈದು ನಿಮಿಷ ಸಾಕು.

ಚೌಕಟ್ಟಿನ ಅಳತೆ, ಎರಡು ಗೆರೆಗಳ ಸ್ಥಾನ, ಜೆಪೆಗ್ ಗುಣಮಟ್ಟ ಇವಿಷ್ಟನ್ನೂ ಒಂದು ಸಣ್ಣ ಟಿಪ್ಪಣಿ ಕಡತದಲ್ಲಿ ಬರೆದು, ಗೈಡ್‌ಗಳಿರುವ ಖಾಲಿ ಹಾಳೆಯೊಡನೆ ಅದೇ ಫೋಲ್ಡರಿನಲ್ಲಿಡಿ. ಕೆಲಸ ಮುಗಿಯಿತೆಂದು ತಿಳಿಸಿದ ಮರುದಿನವೇ "ನಮ್ಮ ಇಬ್ಬರ ಚಿತ್ರ ಬಿಟ್ಟುಹೋಗಿದೆ" ಎಂಬ ಸಂದೇಶ ಬರುತ್ತದೆ.